ಹಳೆಯ ಬಾಕಿ ಇಟ್ಟುಕೊಂಡು ದುಬೈಗೆ ಮರಳುವ ಮುನ್ನ

ನಿಮ್ಮ ಪ್ರಶ್ನೆ ಇಷ್ಟು: 2019ರಲ್ಲಿ ಕೆಲಸ ಹೋಗಿ ದುಬೈಯಿಂದ ಊರಿಗೆ ಬಂದಿರಿ. ಒಂದು ಪರ್ಸನಲ್ ಲೋನು, ಒಂದು ಕ್ರೆಡಿಟ್ ಕಾರ್ಡು ಕಟ್ಟದೆ ಹಾಗೇ ಉಳಿದವು. ಈಗ ಅಲ್ಲಿಯದೇ ಬೇರೊಂದು ಕಂಪನಿಯ ಆಫರ್ ಕೈಯಲ್ಲಿದೆ. ಹೋಗಿ ಇಳಿದು, ಬರುವ ಸಂಬಳದಲ್ಲಿ ಸ್ವಲ್ಪಸ್ವಲ್ಪವಾಗಿ ತೀರಿಸಬಹುದೇ ಎಂದು ಕೇಳಿದ್ದೀರಿ.

ಹಾಗೆ ಹೋಗಬೇಡಿ. ತೀರಿಸುವುದಂತೂ ತೀರಿಸಲೇಬೇಕು, ಆದರೆ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಊರಲ್ಲಿ ಕೂತೇ ಮುಗಿಸಿಕೊಳ್ಳಿ. ಸಾಲ ಒಂದೇ ಆದರೂ ಅದರ ದಾಖಲೆ ಮೂರು ಕಡೆ ಇರುತ್ತದೆ: ಬ್ಯಾಂಕಿನ ಲೆಕ್ಕದಲ್ಲಿ, ಪೊಲೀಸ್ ಅಥವಾ ಕೋರ್ಟಿನ ಕಡತದಲ್ಲಿ, ಮತ್ತು ಯಾರು ಸಾಲ ಹೇಗೆ ಕಟ್ಟಿದ್ದಾರೆ ಎಂಬ ಲೆಕ್ಕ ಇಡುವ ಅಲ್ಲಿಯ ಅಲ್ ಇತಿಹಾದ್ ಕ್ರೆಡಿಟ್ ಬ್ಯೂರೋದಲ್ಲಿ. ಬ್ಯಾಂಕಿಗೆ ದುಡ್ಡು ಕಟ್ಟಿದ ಮಾತ್ರಕ್ಕೆ ಕೋರ್ಟಿನ ಕೇಸು ತಾನಾಗಿ ಮುಚ್ಚಿಹೋಗುವುದಿಲ್ಲ. ಕೇಸು ಮುಚ್ಚಿದ ಮಾತ್ರಕ್ಕೆ ಬ್ಯೂರೋದಲ್ಲಿ ನಿಮ್ಮ ಹೆಸರು ಸರಿಹೋಗುವುದೂ ಇಲ್ಲ. ಮೂರನ್ನೂ ಬೇರೆಬೇರೆಯಾಗಿ ಬೆನ್ನುಹತ್ತಿ ಮುಗಿಸಬೇಕು.

ಮೊದಲು ಕೇಸಿನ ವಿಷಯ. ಲೋನ್ ಕೊಡುವಾಗ ಬ್ಯಾಂಕು ನಿಮ್ಮಿಂದ ಸಹಿ ಹಾಕಿದ ಸೆಕ್ಯುರಿಟಿ ಚೆಕ್ ಇಸಿದುಕೊಂಡಿರುತ್ತದೆ. ಕಂತು ನಿಂತಾಗ ಅದನ್ನೇ ಹಾಕಿ, ಬೌನ್ಸ್ ಆದ ಮೇಲೆ ಪೊಲೀಸರಿಗೆ ದೂರು ಕೊಡುವುದು ಆಗಿನ ರೂಢಿ. 2022ರ ಜನವರಿ 2ರಿಂದ ಕಾನೂನು ಬದಲಾಯಿತು. ಖಾತೆಯಲ್ಲಿ ಹಣವಿಲ್ಲ ಎಂಬ ಒಂದೇ ಕಾರಣಕ್ಕೆ ಚೆಕ್ ಬೌನ್ಸ್ ಆದರೆ ಅದು ಈಗ ಕ್ರಿಮಿನಲ್ ಅಪರಾಧವಲ್ಲ. ಇದನ್ನು ಕೇಳಿ ನಿರಾಳವಾಗಿ ಟಿಕೆಟ್ ತೆಗೆಯುವವರಿದ್ದಾರೆ, ಅವರು ಕಾನೂನಿನ ಅರ್ಧ ಭಾಗ ಮಾತ್ರ ಓದಿರುತ್ತಾರೆ. ಬೌನ್ಸ್ ಆದ ಚೆಕ್ಕಿಗೆ ಅದೇ ಕಾನೂನು ಹೊಸ ಬಲವನ್ನೂ ಕೊಟ್ಟಿದೆ. ಬ್ಯಾಂಕು ಉದ್ದದ ದಾವೆ ನಡೆಸದೆ ನೇರವಾಗಿ ವಸೂಲಿ ನ್ಯಾಯಾಧೀಶರ ಮುಂದೆ ಹೋಗಬಹುದು. ಚೆಕ್ ಪಾವತಿಯಾಗದಂತೆ ಮೊದಲೇ ಖಾತೆ ಮುಚ್ಚಿದ್ದರೆ, ಬೇಕೆಂದೇ ಸಹಿ ತಪ್ಪಾಗಿ ಹಾಕಿದ್ದರೆ ಅದು ಇಂದಿಗೂ ಅಪರಾಧವೇ. ಇನ್ನು 2019-20ರ ಹೊತ್ತಿನಲ್ಲಿ ದಾಖಲಾದ ಹಳೆಯ ದೂರು ಈಗ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ನೋಡಿಯೇ ತಿಳಿಯಬೇಕು.

ಸಿವಿಲ್ ಬಾಕಿ 10,000 ದಿರ್ಹಮ್ ಮುಟ್ಟಿದರೆ ಸಾಲ ಕೊಟ್ಟವರು ಕೋರ್ಟಿನಿಂದ ಟ್ರಾವೆಲ್ ಬ್ಯಾನ್ ಕೇಳಬಹುದು. ಹೆಚ್ಚಿನವರು ಎಡವುವುದು ಇಲ್ಲಿ. ಬ್ಯಾನ್ ಎಂದರೆ ಒಳಗೆ ಬಿಡುವುದಿಲ್ಲ ಎಂದುಕೊಳ್ಳುತ್ತಾರೆ. ಅದು ತಡೆಯುವುದು ಹೊರಗೆ ಹೋಗುವುದನ್ನು. ವೀಸಾ ಸಿಗಬಹುದು, ಇಮಿಗ್ರೇಶನ್ ದಾಟಿ ಕೆಲಸಕ್ಕೂ ಸೇರಬಹುದು. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಎಂದು ಹೊರಟಾಗ ಕೌಂಟರಿನಲ್ಲಿ ನಿಲ್ಲಿಸುತ್ತಾರೆ. ವೀಸಾ ಬಂದಿದೆ ಎಂಬುದು ಕೇಸಿಲ್ಲ ಎಂಬುದಕ್ಕೆ ಪುರಾವೆಯಲ್ಲ.

ಕೇಸಿದೆಯೋ ಇಲ್ಲವೋ ನೋಡುವುದು ಹೇಗೆ? ದುಬೈ ಪೊಲೀಸರ ಆ್ಯಪ್ ಮತ್ತು ವೆಬ್‌ಸೈಟಿನಲ್ಲಿ ಹಣಕಾಸಿನ ಕೇಸುಗಳ ಸ್ಥಿತಿ ನೋಡುವ ಸೇವೆ ಇದೆ, ಎಮಿರೇಟ್ಸ್ ಐಡಿ (ಅಲ್ಲಿಯ ಗುರುತಿನ ಚೀಟಿ) ನಂಬರ್ ಬೇಕು. ಹಳೆಯ ಕಾರ್ಡು ಅವಧಿ ಮುಗಿದಿದ್ದರೂ ಎಸೆಯಬೇಡಿ. ಆದರೆ ಅಲ್ಲಿ ಕಾಣುವುದು ದುಬೈಯ ಕೇಸು ಮಾತ್ರ. ಅಬುಧಾಬಿಗೆ ಎಸ್ತಫ್ಸಿರ್ ಎಂಬ ಬೇರೆಯೇ ಸೇವೆ ಇದೆ. ದುಬೈ, ಅಬುಧಾಬಿ, ರಾಸ್ ಅಲ್ ಖೈಮಾಗಳಿಗೆ ತಮ್ಮದೇ ಕೋರ್ಟುಗಳಿವೆ, ಅಜ್ಮಾನ್‌ನಂಥವು ಫೆಡರಲ್ (ಕೇಂದ್ರದ) ವ್ಯವಸ್ಥೆಯ ಅಡಿ ಬರುತ್ತವೆ. ಒಂದು ಕಡೆ "ಕೇಸಿಲ್ಲ" ಎಂದು ಬಂದರೆ ಆ ಎಮಿರೇಟಿನ ಮಟ್ಟಿಗೆ ಇಲ್ಲ ಎಂದಷ್ಟೇ ತಿಳಿಯಿರಿ.

ಪೂರ್ತಿ ತಿಳಿಯಲು ಅಲ್ಲಿಯ ವಕೀಲರಿಗೆ ಪವರ್ ಆಫ್ ಅಟಾರ್ನಿ ಕೊಡುವುದೇ ಗಟ್ಟಿ ದಾರಿ. ಊರಲ್ಲಿ ನೋಟರಿ, ಆಮೇಲೆ ರಾಜ್ಯ ಸರ್ಕಾರದ ದೃಢೀಕರಣ, ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿಯ ವಿದೇಶಾಂಗ ಸಚಿವಾಲಯದ ಮೊಹರು. ಅರೇಬಿಕ್ ಅನುವಾದವನ್ನು ಅಲ್ಲಿಯ ಪರವಾನಗಿ ಇರುವ ಅನುವಾದಕರಿಂದಲೇ ಮಾಡಿಸಬೇಕು. ಕೋರ್ಟಿನಲ್ಲಿ ವಿಚಾರಿಸುವುದು, ಬ್ಯಾಂಕಿನೊಡನೆ ರಾಜಿ ಮಾಡುವುದು, ಬ್ಯಾನ್ ತೆಗೆಸುವುದು ಈ ಮೂರನ್ನೂ ಅದರಲ್ಲಿ ಸ್ಪಷ್ಟವಾಗಿ ಬರೆಸಿ. ರಾಜಿಯ ಅಧಿಕಾರ ಬಿಟ್ಟುಹೋದರೆ ಎಲ್ಲ ಮೊಹರನ್ನೂ ಮತ್ತೆ ಹಾಕಿಸಬೇಕಾಗುತ್ತದೆ. ಉದ್ಯೋಗದ ಎಂಟ್ರಿ ಪರ್ಮಿಟ್ ಬಂದ ಮೇಲೆ ಒಳಗೆ ಬರಲು ಸಾಮಾನ್ಯವಾಗಿ ಇರುವುದು 60 ದಿನ. ಆದ್ದರಿಂದ ಪರ್ಮಿಟ್ ಆಗುವ ಮೊದಲೇ ಇದನ್ನು ಶುರು ಮಾಡಿ, ಕಂಪನಿಗೆ ಸೇರುವ ದಿನಾಂಕ ಸ್ವಲ್ಪ ಮುಂದೆ ಹಾಕಲು ಕೇಳಿ.

ಈಗ ಬ್ಯಾಂಕು. ಊರಲ್ಲಿ ನಿಮಗೆ ಫೋನ್ ಮಾಡುತ್ತಿರುವವರು ಬಹುಪಾಲು ಬ್ಯಾಂಕಿನವರಲ್ಲ, ಕಮಿಷನ್ ಮೇಲೆ ಕೆಲಸ ಮಾಡುವ ಕಲೆಕ್ಷನ್ ಏಜೆನ್ಸಿಯವರು. ಅವರೊಡನೆ ಮೊತ್ತ ಮಾತಾಡುವ ಮೊದಲು ಬ್ಯಾಂಕಿನ ಕಲೆಕ್ಷನ್ ವಿಭಾಗಕ್ಕೆ ಇಮೇಲ್ ಹಾಕಿ ಎರಡು ಕೇಳಿ: ಏಜೆನ್ಸಿಗೆ ಕೊಟ್ಟ ಅಧಿಕಾರ ಪತ್ರ, ಮತ್ತು ಅಸಲು, ಬಡ್ಡಿ, ದಂಡ ಬೇರೆಬೇರೆ ತೋರಿಸುವ ಸ್ಟೇಟ್‌ಮೆಂಟ್. ಒಟ್ಟು ಮೊತ್ತ ನೋಡಿ ಹೆದರಬೇಡಿ. ಕಾರ್ಡಿನಲ್ಲಿ 20,000 ದಿರ್ಹಮ್ ಬಾಕಿ ಇದ್ದು ತಿಂಗಳಿಗೆ ಶೇ. 3ರಂತೆ ಬಡ್ಡಿಗೆ ಬಡ್ಡಿ ಬೆಳೆದರೆ ಐದು ವರ್ಷದಲ್ಲಿ ಸುಮಾರು 1,17,800 ಆಗುತ್ತದೆ, ತಡಪಾವತಿ ದಂಡ ಬಿಟ್ಟು. ಅಷ್ಟು ಪೂರ್ತಿ ಬರುತ್ತದೆ ಎಂದು ಬ್ಯಾಂಕಿಗೂ ನಂಬಿಕೆ ಇರುವುದಿಲ್ಲ. ಮಾತುಕತೆಯನ್ನು ಅಸಲಿನಿಂದ ಶುರು ಮಾಡಿ. ಒಂದೇ ಗಂಟಿನಲ್ಲಿ ಕಟ್ಟುವವರಿಗೆ ಸಿಗುವ ರಿಯಾಯಿತಿ ಕಂತಿನವರಿಗೆ ಸಿಗುವುದಿಲ್ಲ. ಕೈಯಲ್ಲಿ ದುಡ್ಡಿಲ್ಲದೆ ಒಪ್ಪಿಕೊಂಡು ಒಂದು ಕಂತು ತಪ್ಪಿದರೆ ರಾಜಿ ಮುರಿದು ಹಳೆಯ ಮೊತ್ತವೇ ಮರಳಿ ಬಂದು ಕೂರುತ್ತದೆ.

ಒಪ್ಪಿದ್ದು ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ, ಬ್ಯಾಂಕಿನ ಅಧಿಕೃತ ಇಮೇಲಿನಿಂದ ಬರಬೇಕು. ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್ ಸಾಲದು. ಲೋನ್ ಮತ್ತು ಕಾರ್ಡ್ ಎರಡರ ನಂಬರೂ ಅದರಲ್ಲಿರಲಿ. ಒಂದನ್ನೇ ಬರೆದು ಇನ್ನೊಂದನ್ನು ಬಾಕಿ ಉಳಿಸುವುದು ತೀರ ಸಾಮಾನ್ಯ. ಮೊತ್ತ, ಕೊನೆಯ ದಿನಾಂಕ, "ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್" ಎಂಬ ಮಾತು, ಎಷ್ಟು ದಿನದೊಳಗೆ ಕೇಸು ಹಿಂಪಡೆಯುತ್ತಾರೆ, ಸೆಕ್ಯುರಿಟಿ ಚೆಕ್ ಯಾರ ಕೈಗೆ ಕೊಡುತ್ತಾರೆ, ಬ್ಯೂರೋಗೆ ಯಾವಾಗ ತಿಳಿಸುತ್ತಾರೆ, ಎಲ್ಲವೂ ಇರಲಿ. ದುಡ್ಡು ಹೋಗಬೇಕಾದದ್ದು ನಿಮ್ಮ ಲೋನ್ ಖಾತೆಗೆ, ಏಜೆಂಟಿನ ಖಾತೆಗಲ್ಲ. ಭಾರತದಿಂದ ಕಳಿಸುವುದಾದರೆ ಯಾವ ಉದ್ದೇಶದಡಿ ಕಳಿಸಬಹುದು, ಏನೇನು ಕಾಗದ ಬೇಕು ಎಂದು ನಿಮ್ಮ ಬ್ಯಾಂಕಿನ ಫಾರೆಕ್ಸ್ ವಿಭಾಗದಲ್ಲಿ ವಿಚಾರಿಸಿಯೇ ದಿನಾಂಕ ಒಪ್ಪಿ. ಹಣ ಕಳಿಸುವುದು ವಾರ ತಡವಾಗಿ ರಾಜಿ ರದ್ದಾದರೆ ತಪ್ಪು ನಿಮ್ಮದೇ ಎನ್ನುತ್ತಾರೆ.

ಕಟ್ಟಿದ ಮೇಲೆ ಕ್ಲಿಯರೆನ್ಸ್ ಲೆಟರ್ ಕೈಗೆ ಬರುತ್ತದೆ. ಅಲ್ಲಿಗೆ ಸುಮ್ಮನಾಗಬೇಡಿ. ಬ್ಯಾಂಕಿನ ಪತ್ರ ಕೋರ್ಟಿನ ಕಡತ ಸೇರಿ, ವಸೂಲಿ ಕೇಸು ಮುಚ್ಚಿ, ಬ್ಯಾನ್ ರದ್ದಾದ ಆದೇಶ ಇಮಿಗ್ರೇಶನ್ನಿಗೆ ತಲುಪಬೇಕು. ಆದೇಶದ ಪ್ರತಿಯನ್ನು ವಕೀಲರಿಂದ ತರಿಸಿಕೊಂಡು, ಮತ್ತೊಮ್ಮೆ ಸ್ಥಿತಿ ನೋಡಿಸಿ, ಆಮೇಲೆ ಟಿಕೆಟ್.

ಊರಲ್ಲೇ ಇದ್ದುಬಿಟ್ಟರೆ ಏನಾಗುತ್ತದೆ ಎಂದೂ ಕೇಳಿದ್ದೀರಿ. ಏಜೆಂಟರು ಇಂಟರ್‌ಪೋಲ್ ಹೆಸರೆತ್ತಿ ಹೆದರಿಸುತ್ತಾರೆ. ಖಾಸಗಿ ವ್ಯವಹಾರದ ತಕರಾರಿಗೆ ರೆಡ್ ನೋಟಿಸ್ ಕೊಡುವಂತಿಲ್ಲ ಎಂದು ಇಂಟರ್‌ಪೋಲ್ ನಿಯಮಗಳೇ ಹೇಳುತ್ತವೆ. ನಿಜವಾಗಿ ಹೆದರಬೇಕಾದದ್ದು ಭಾರತ ಸರ್ಕಾರದ 2020ರ ಜನವರಿಯ ಅಧಿಸೂಚನೆಗೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಯುಎಇ ಕೋರ್ಟಿನ ಡಿಕ್ರಿಯನ್ನು (ತೀರ್ಪಿನ ಆದೇಶವನ್ನು) ನಮ್ಮ ಜಿಲ್ಲಾ ನ್ಯಾಯಾಲಯದಲ್ಲಿ, ಆ ಜಿಲ್ಲಾ ನ್ಯಾಯಾಲಯದ್ದೇ ಡಿಕ್ರಿ ಎಂಬಂತೆ, ಜಾರಿ ಮಾಡಿಸಬಹುದು. ನೋಟಿಸೇ ತಲುಪದೆ, ವಾದ ಹೇಳಲು ಅವಕಾಶವಿಲ್ಲದೆ ಆದ ತೀರ್ಪಿಗೆ 13ನೇ ಕಲಮಿನಡಿ ತಕರಾರು ಎತ್ತಬಹುದು. ನೋಟಿಸ್ ಬಂದಿದ್ದೂ ಹರಿದು ಎಸೆದವರಿಗೆ ಆ ವಾದ ಕಷ್ಟ.

ಸೇರಿದ ಮೇಲೆ ಸಂಬಳದ ಖಾತೆಯನ್ನು ಹಳೆಯ ಸಾಲದ ಬ್ಯಾಂಕಿನಲ್ಲಿ ತೆರೆಯಬೇಡಿ. ಚೂರು ಬಾಕಿ ಉಳಿದಿದ್ದರೂ ಸಂಬಳದಿಂದಲೇ ಮುರಿದುಕೊಳ್ಳುತ್ತಾರೆ. ಎಮಿರೇಟ್ಸ್ ಐಡಿ ಬಂದೊಡನೆ ಕ್ರೆಡಿಟ್ ಬ್ಯೂರೋ ಆ್ಯಪ್‌ನಲ್ಲಿ ವರದಿ ತೆಗೆಯಿರಿ. ಸ್ಕೋರು 300ರಿಂದ 900. ತೀರಿದ ಸಾಲ ಇನ್ನೂ ಬಾಕಿ ಎಂದಿದ್ದರೆ ತಿದ್ದಬೇಕಾದದ್ದು ಮಾಹಿತಿ ಕೊಟ್ಟ ಬ್ಯಾಂಕು, ಬ್ಯೂರೋ ತಾನಾಗಿ ತಿದ್ದುವುದಿಲ್ಲ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ನೋಡಿ, ಆಮೇಲೆ ಸನದಕ್ ಎಂಬ ಬ್ಯಾಂಕ್ ದೂರು ಸಂಸ್ಥೆಗೆ ಹೋಗಿ. ವರದಿ ಕೆಟ್ಟಿದ್ದರೆ ಲೋನ್ ಸಿಗದಿರುವುದಕ್ಕಿಂತ ಚೆಕ್‌ಬುಕ್ ಸಿಗದಿರುವುದೇ ದೊಡ್ಡ ತಲೆನೋವು. ಬಾಡಿಗೆಗೆ ಮುಂದಿನ ದಿನಾಂಕದ ಚೆಕ್ ಕೇಳುವ ಮಾಲೀಕರೇ ಹೆಚ್ಚು, ಹಾಗಾಗಿ ಮೊದಲ ವರ್ಷ ಕಂಪನಿಯ ವಸತಿ ಕೊಡುತ್ತಾರೋ ಕೇಳಿಕೊಳ್ಳಿ. ಸ್ಕೋರು ಕಟ್ಟಲು ಡಿಪಾಸಿಟ್ ಮೇಲೆ ಸಿಗುವ ಸಣ್ಣ ಮಿತಿಯ ಕಾರ್ಡು ಒಂದು ಸಾಕು. ಪೂರ್ತಿ ಬಿಲ್ ತಾನಾಗಿ ಕಡಿತವಾಗುವಂತೆ ಇಡಿ, ಕನಿಷ್ಠ ಮೊತ್ತ ಕಟ್ಟುವ ಆಯ್ಕೆ ಬೇಡ.

ಇನ್ನೊಂದು, ಅಲ್ಲಿಂದ ಹೊರಟಾಗ ಪೋಸ್ಟ್‌ಪೇಯ್ಡ್ ಸಿಮ್ ಇತ್ತೇ? ಬ್ಯೂರೋಗೆ ಟೆಲಿಕಾಂ ಕಂಪನಿಗಳೂ ಮಾಹಿತಿ ಕೊಡುತ್ತವೆ. ಬ್ಯಾಂಕಿನ ಸಾವಿರಾರು ದಿರ್ಹಮ್ ತೀರಿಸಿಯೂ ಆ ಒಂದು ಫೋನ್ ಬಿಲ್ ವರದಿಯಲ್ಲಿ ಕೂತಿರಬಹುದು. ಹಳೆಯ ನಂಬರ್ ಕೊಟ್ಟು ವಿಚಾರಿಸಿ, ಅದನ್ನೂ ಕಟ್ಟಿ ರಸೀದಿ ಇಟ್ಟುಕೊಳ್ಳಿ.