ಬೊರೊಡಿನ್ ಕ್ವಾರ್ಟೆಟ್‌ನ ಹಳೆಯ ಶೋಸ್ತಕೋವಿಚ್ ಸೆಟ್‌ನಲ್ಲಿ 15ರ ಬದಲು 13 ಕೃತಿಗಳೇ ಯಾಕಿವೆ?

ಸೋವಿಯತ್ ಸಂಗೀತ ಸಂಯೋಜಕ ಶೋಸ್ತಕೋವಿಚ್ ಕ್ವಾರ್ಟೆಟ್‌ಗೆ (ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೋ ಸೇರಿದ ನಾಲ್ವರ ತಂಡ) ಬರೆದ ಕೃತಿಗಳು ಒಟ್ಟು 15 ನಿಜ, ಆದರೆ ಬೊರೊಡಿನ್ ತಂಡ ಆ ರೆಕಾರ್ಡಿಂಗ್ ಮಾಡುವಾಗ ಇದ್ದದ್ದೇ 13. ಸೆಟ್‌ನಲ್ಲಿ ಏನೂ ಕಾಣೆಯಾಗಿಲ್ಲ, ಬಿಡಿ.

ಶೋಸ್ತಕೋವಿಚ್ 13ನೆಯದನ್ನು ಮುಗಿಸಿದ್ದು 1970ರಲ್ಲಿ. 14 ಬಂದದ್ದು 1973ಕ್ಕೆ, 15 ಬಂದದ್ದು 1974ಕ್ಕೆ. ಅಂದರೆ ಈ ತಂಡ ಎಲ್ಲಾ ಕೃತಿಗಳನ್ನೂ ನುಡಿಸಿ ಮುಗಿಸಿದೆವು ಅಂದುಕೊಳ್ಳುವಷ್ಟರಲ್ಲಿ ಶೋಸ್ತಕೋವಿಚ್ ಇನ್ನೂ ಬರೆಯುತ್ತಲೇ ಇದ್ದರು. ಆಮೇಲೆ ಸೇರಿಸಬಹುದಿತ್ತಲ್ವಾ ಅಂತ ನೀವು ಕೇಳಬಹುದು. ಆದರೆ ಮೊದಲ ಪಿಟೀಲುವಾದಕ ರೊಸ್ತಿಸ್ಲಾವ್ ದುಬಿನ್ಸ್ಕಿ 1976ರಲ್ಲಿ ಸೋವಿಯತ್ ಒಕ್ಕೂಟ ಬಿಟ್ಟು ಹೋದರು, ಅಲ್ಲಿಗೆ ಆ ಹಳೆಯ ತಂಡವೇ ಉಳಿಯಲಿಲ್ಲ. ಅವರ ಜಾಗಕ್ಕೆ ಮಿಖಾಯಿಲ್ ಕೊಪೆಲ್ಮನ್ ಬಂದರು. ಆ ಹೊಸ ತಂಡ ಸುಮ್ನೆ ಎರಡು ಕೃತಿ ಅಂಟಿಸದೆ, ಮೊದಲಿನಿಂದ ಶುರುಮಾಡಿ 15ನ್ನೂ ರೆಕಾರ್ಡ್ ಮಾಡಿತು. ಚೆಲ್ಲೋದ ವ್ಯಾಲೆಂಟಿನ್ ಬೆರ್ಲಿನ್ಸ್ಕಿ ಮತ್ತು ವಿಯೋಲಾದ ದ್ಮಿತ್ರಿ ಶೆಬಾಲಿನ್ ಎರಡೂ ಸೆಟ್‌ಗಳಲ್ಲಿದ್ದಾರೆ.

ಯಾವುದು ತಗೊಳ್ಳಲಿ ಅಂದ್ರೆ, ಎಲ್ಲಾ ಬೇಕಿದ್ದರೆ ಎರಡನೆಯದೇ ಗತಿ. ಆದರೆ ನನಗೆ ಹಳೆಯದರ ಮೇಲೇ ಪ್ರೀತಿ ಜಾಸ್ತಿ. ಅದರಲ್ಲಿ 13ನೆಯದನ್ನು ಕೇಳಿ ನೋಡಿ: ವಿಯೋಲಾ ಒಂಟಿಯಾಗಿ ಶುರುಮಾಡುತ್ತದೆ, ನಡುವೆ ವಾದಕರು ಕಮಾನಿನ ಕಡ್ಡಿಯಿಂದ ವಾದ್ಯದ ಮೈಯನ್ನೇ ಟಕ್ ಟಕ್ ಅಂತ ಕುಟ್ಟುತ್ತಾರೆ. ಮೊದಲ ಸಲ ಕೇಳಿದವರು ರೆಕಾರ್ಡೇ ಕೆಟ್ಟಿದೆ ಅಂದುಕೊಂಡರೂ ಆಶ್ಚರ್ಯವಿಲ್ಲ, ಆದರೆ ಅದು ಬರೆದೇ ಇರುವ ಸದ್ದು.