3ಜಿ ಯಾಕೆ ಹಿಡಿಯಲಿಲ್ಲ, 4ಜಿ ಹೇಗೆ ಹಬ್ಬಿತು?

3ಜಿಗೆ ಅಷ್ಟು ದುಡ್ಡು ಸುರಿದರೂ ನಮ್ಮ ದೇಶದಲ್ಲಿ ಅದು ಯಾಕೆ ಹಿಡಿಯಲಿಲ್ಲ, 4ಜಿ ಮಾತ್ರ ಒಂದೆರಡು ವರ್ಷದಲ್ಲೇ ಹಳ್ಳಿಗಳಿಗೂ ಹೇಗೆ ಬಂತು, 5ಜಿಯೂ ಹಾಗೇ ಆಗುತ್ತದಾ ಅಂತ ಕೇಳಿದ್ದೀರಿ. ಆ ವರ್ಷಗಳಲ್ಲಿ ನಾನು ಹಾಸನದ ಹತ್ತಿರ ಕರೆನ್ಸಿ ಹಾಕುವ, ಸಿಮ್ ಮಾರುವ ಅಂಗಡಿ ನಡೆಸುತ್ತಿದ್ದೆ. ಅಲ್ಲಿ ಕಂಡದ್ದನ್ನೂ ಸೇರಿಸಿ ಹೇಳುತ್ತೇನೆ.

ನನ್ನ ಪ್ರಕಾರ 3ಜಿ ಎಡವಿದ್ದು ತರಂಗಾಂತರದ ಹರಾಜಿನಲ್ಲೇ, ಅಂದರೆ ಸಿಗ್ನಲ್ ಕಳಿಸಲು ಬೇಕಾದ ರೇಡಿಯೋ ಅಲೆಗಳ ಹಕ್ಕನ್ನು ಸರ್ಕಾರ ಮಾರಿದಾಗಲೇ. 2010ರ ಏಪ್ರಿಲ್‌ನಿಂದ ಮೇ ತನಕ 34 ದಿನ ಹರಾಜು ನಡೆಯಿತು, ಸರ್ಕಾರಕ್ಕೆ ಸುಮಾರು 67,700 ಕೋಟಿ ರೂಪಾಯಿ ಬಂತು. ಬೆಲೆ ಎಷ್ಟು ಏರಿತೆಂದರೆ ದೇಶದ 22 ಸರ್ಕಲ್‌ಗಳಲ್ಲೂ (ಫೋನ್ ಸೇವೆಗೆಂದು ದೇಶವನ್ನು ಹಂಚಿದ ವಲಯಗಳು) ತರಂಗಾಂತರ ಕೊಳ್ಳಲು ಒಂದು ಖಾಸಗಿ ಕಂಪನಿಗೂ ಆಗಲಿಲ್ಲ. ಕರ್ನಾಟಕವನ್ನೇ ನೋಡಿ, ಏರ್‌ಟೆಲ್, ಏರ್‌ಸೆಲ್, ಟಾಟಾಗೆ ಸಿಕ್ಕಿತು, ವೊಡಾಫೋನ್‌ಗೂ ಐಡಿಯಾಗೂ ಸಿಗಲಿಲ್ಲ. ಇಲ್ಲದವರು ಇದ್ದವರ ನೆಟ್‌ವರ್ಕ್ ಹಂಚಿಕೊಂಡು ಸೇವೆ ಕೊಡಲು ಹೊರಟರೆ 2011ರ ಕೊನೆಗೆ ದೂರಸಂಪರ್ಕ ಇಲಾಖೆ ನಿಲ್ಲಿಸಿ ಎಂದಿತು, ಆ ಜಗಳ ನ್ಯಾಯಮಂಡಳಿಯಲ್ಲಿ 2014ರವರೆಗೆ ನಡೆಯಿತು. ಅಷ್ಟು ದುಡ್ಡು ಕೊಟ್ಟವರಿಗೂ ಒಂದು ಸರ್ಕಲ್‌ನಲ್ಲಿ ಸಿಕ್ಕಿದ್ದು ಬರೀ 5 ಮೆಗಾಹರ್ಟ್ಸ್‌ನ ಜೋಡಿ (ಕಳಿಸಲು ಒಂದು, ಪಡೆಯಲು ಒಂದು), ಅದೂ 2100 ಮೆಗಾಹರ್ಟ್ಸ್‌ನ ಬ್ಯಾಂಡ್‌ನಲ್ಲಿ (ಬ್ಯಾಂಡ್ ಅಂದರೆ ಅಲೆಗಳ ಒಂದು ಪಟ್ಟಿ). ಆ ಸಿಗ್ನಲ್ 900ರ 2ಜಿಯಷ್ಟು ದೂರ ಹೋಗುವುದಿಲ್ಲ, ಗೋಡೆ ದಾಟಿ ಒಳಗೂ ಸರಿಯಾಗಿ ಬರುವುದಿಲ್ಲ. ಅಂದರೆ ಟವರ್ ಜಾಸ್ತಿ ಬೇಕು. ದುಡ್ಡು ಹರಾಜಿಗೇ ಹೋದರೆ ಟವರ್‌ಗೆ ಎಲ್ಲಿಂದ ತರುತ್ತಾರೆ?

ಇನ್ನು ರೇಟು. 1 ಜಿಬಿ 3ಜಿ ಪ್ಯಾಕ್‌ಗೆ ಸುಮಾರು 250 ರೂಪಾಯಿ. ಪ್ಯಾಕ್ ಮುಗಿದದ್ದು ಗೊತ್ತಾಗದೆ ನೆಟ್ ಆನ್ ಇದ್ದರೆ ಇದ್ದ ಬ್ಯಾಲೆನ್ಸೆಲ್ಲ ಕಟ್. ಅದಕ್ಕೇ ಹೊಸ ಸೆಟ್ ತಗೊಂಡವರು ಎಷ್ಟೋ ಜನ ಮೊದಲು ಹೇಳುತ್ತಿದ್ದದ್ದು, ಅಣ್ಣಾ ಇದರಲ್ಲಿ ನೆಟ್ ಬಂದ್ ಮಾಡಿಕೊಡಿ ಅಂತ. ಹಾಗಂತ ಜನಕ್ಕೆ ಹಾಡು, ವಿಡಿಯೋ ಬೇಡವಾಗಿತ್ತಾ? ಖಂಡಿತ ಬೇಕಿತ್ತು. ಅದೇ ಜನ ಅದೇ ಅಂಗಡಿಯಲ್ಲಿ ಮೆಮೊರಿ ಕಾರ್ಡ್ ಕೊಟ್ಟು, ಅದರ ತುಂಬ ಹಾಡು ಹಾಕಿಸಿಕೊಂಡು ಹೋಗುತ್ತಿದ್ದರು. ಹಳ್ಳಿಯವರಿಗೆ ಇಂಟರ್ನೆಟ್ ಬೇಕಿಲ್ಲ ಅಂತ ಆಗ ದೊಡ್ಡವರು ಹೇಳುತ್ತಿದ್ದದ್ದು ಶುದ್ಧ ಸುಳ್ಳು, ನನಗೆ ಈಗಲೂ ಅದಕ್ಕೆ ಸಿಟ್ಟು ಬರುತ್ತದೆ.

4ಜಿ ಬಂದ ಕೂಡಲೇ ಎಲ್ಲ ಬದಲಾಯಿತು ಅನ್ನುವುದೂ ತಪ್ಪು. ಏರ್‌ಟೆಲ್ 2012ರ ಏಪ್ರಿಲ್‌ನಲ್ಲೇ ಕೋಲ್ಕತ್ತಾದಲ್ಲಿ, ಮುಂದಿನ ತಿಂಗಳು ಬೆಂಗಳೂರಿನಲ್ಲಿ 4ಜಿ ಶುರು ಮಾಡಿತ್ತು. ಡಾಂಗಲ್ ಹಾಕಿ ಲ್ಯಾಪ್‌ಟಾಪ್‌ನಲ್ಲಿ ಬಳಸುವ ಸೇವೆ ಅದು, ನಮ್ಮ ಕಡೆಯವರಿಗೆ ಅದರ ಹೆಸರೂ ಗೊತ್ತಿರಲಿಲ್ಲ.

ತಿರುವು ಬಂದದ್ದು 2016ರ ಸೆಪ್ಟೆಂಬರ್ 5ಕ್ಕೆ, ರಿಲಯನ್ಸ್‌ನ ಜಿಯೋ ಶುರುವಾದಾಗ. ಅದರ ಬೇರು ಮತ್ತೆ 2010ರಲ್ಲೇ ಇದೆ. ಆ ವರ್ಷದ ಇನ್ನೊಂದು ಹರಾಜಿನಲ್ಲಿ ಇನ್ಫೋಟೆಲ್ ಎಂಬ ಒಂದೇ ಕಂಪನಿ 12,848 ಕೋಟಿಗೆ 22 ಸರ್ಕಲ್‌ಗಳಲ್ಲೂ 2300ರ ಬ್ಯಾಂಡ್ ಹಿಡಿಯಿತು, ಅದೇ ದಿನ ರಿಲಯನ್ಸ್ ಆ ಕಂಪನಿಯನ್ನು ಕೊಳ್ಳುವುದಾಗಿ ಹೇಳಿತು. ಮೊದಲು ಬರೀ ಇಂಟರ್ನೆಟ್‌ಗೆ ಅನುಮತಿ ಇತ್ತು. 2013ರಲ್ಲಿ 1,658 ಕೋಟಿ ಕಟ್ಟಿ ಕರೆ ಸೇವೆಗೂ ಲೈಸೆನ್ಸ್ ಪಡೆದರು. ಹೀಗೆ 2ಜಿ ಜಾಲವೇ ಇಲ್ಲದೆ, ಮಾತನ್ನೂ ಡೇಟಾ ಆಗಿಯೇ ಕಳಿಸುವ ವೋಲ್ಟಿ ಮೇಲೆ ಇಡೀ ದೇಶಕ್ಕೆ ಒಂದೇ ನೆಟ್‌ವರ್ಕ್ ಕಟ್ಟಿದರು. ಕರೆಯೂ ಡೇಟಾವೂ 2017ರ ಮಾರ್ಚ್‌ವರೆಗೆ ಪುಕ್ಕಟೆ. ಆರು ತಿಂಗಳೊಳಗೆ 10 ಕೋಟಿ ಗಿರಾಕಿಗಳು.

ಪುಕ್ಕಟೆ ಅನ್ನುವುದನ್ನು ಎಲ್ಲರೂ ಹೇಳುತ್ತಾರೆ, ಆದರೆ ಅಂಗಡಿಯವನಾಗಿ ನನಗೆ ದೊಡ್ಡದಾಗಿ ಕಂಡದ್ದು ಹೆಬ್ಬೆಟ್ಟು. ಅದಕ್ಕೆ ಮುಂಚೆ ಸಿಮ್ ಅಂದರೆ ಫಾರ್ಮ್, ಫೋಟೋ, ಜೆರಾಕ್ಸ್, ಆಮೇಲೆ ಆಕ್ಟಿವೇಟ್ ಆಗಲು ಕಾಯುವುದು. ಆಧಾರ್ ಮೇಲೆ ಬೆರಳಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಸಿಮ್ ಚಾಲೂ ಆಗತೊಡಗಿತು. ಸುಮಾರು 3,000 ರೂಪಾಯಿಗೆ 4ಜಿ ಸೆಟ್ಟೂ ಸಿಕ್ಕಿತು, 2017ರಲ್ಲಿ 1,500 ಡೆಪಾಸಿಟ್‌ನ ಜಿಯೋಫೋನ್ ಬಂತು.

ಇದಕ್ಕೆ ಬೆಲೆ ತೆತ್ತವರೂ ಇದ್ದಾರೆ. ಏರ್‌ಸೆಲ್ ಮುಳುಗಿತು, ಟಾಟಾದ ಮೊಬೈಲ್ ವ್ಯವಹಾರ ಏರ್‌ಟೆಲ್‌ಗೆ ಹೋಯಿತು, ವೊಡಾಫೋನ್ ಮತ್ತು ಐಡಿಯಾ 2018ರಲ್ಲಿ ಒಂದಾದವು. ಉಳಿದದ್ದು ಮೂರು ಖಾಸಗಿ ಕಂಪನಿ, ಜೊತೆಗೆ ಸರ್ಕಾರದ್ದು. 2019ರ ಡಿಸೆಂಬರ್, 2021, 2024ರ ಜುಲೈ ಅಂತ ರೇಟು ಏರುತ್ತಾ ಬಂದಾಗ ಜನಕ್ಕೆ ಬೇರೆ ಕಡೆ ಹೋಗುವ ದಾರಿಯೇ ಕಡಿಮೆ ಇತ್ತು.

5ಜಿ? 2022ರಲ್ಲಿ ಸುಮಾರು 1.5 ಲಕ್ಷ ಕೋಟಿಯ ಹರಾಜು ಆಗಿ, ಅಕ್ಟೋಬರ್ 1ಕ್ಕೆ ಶುರುವಾಗಿ ಬೇಗ ಹರಡಿತು. ಆದರೆ ಮೊಬೈಲ್‌ನಲ್ಲಿ ಜನ ನೋಡುವುದು 4ಜಿಯಲ್ಲಿ ನೋಡುತ್ತಿದ್ದ ಅದೇ ವಿಡಿಯೋ, ಅದಕ್ಕೆ ಹೆಚ್ಚು ದುಡ್ಡು ಯಾಕೆ ಕೊಡಬೇಕು ಅಲ್ವಾ? ಹೊಸ ದುಡ್ಡು ಕಾಣುತ್ತಿರುವುದು ವೈರ್ ಎಳೆಯದೆ ಮನೆಗೆ ಇಂಟರ್ನೆಟ್ ಕೊಡುವ ಏರ್‌ಫೈಬರ್‌ನಂಥ ಸೇವೆಯಲ್ಲಿ. ಹಾಗಾಗಿ 4ಜಿಯಂಥ ಜಿಗಿತ ಮತ್ತೆ ಆಗುವುದಿಲ್ಲ ಅಂತ ನನ್ನ ಅನಿಸಿಕೆ.

ನನಗೆ ಚಿಂತೆ ಇರುವುದು ಕೀಪ್ಯಾಡ್ ಸೆಟ್ ಹಿಡಿದವರದ್ದು. ಡೇಟಾ ಮುಟ್ಟದ ಅಜ್ಜಿಯರೂ ಡೇಟಾ ಸೇರಿದ ಪ್ಯಾಕ್ ಹಾಕಿಸಬೇಕಾಗಿತ್ತು. 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್, ಕರೆ ಮತ್ತು ಎಸ್ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು ಅಂತ ನಿಯಮ ಮಾಡಿತು. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಆ ಪ್ಯಾಕನ್ನೇ ಕೇಳಿ ಹಾಕಿಸಿ.