ರಾಬರ್ಟ್ ಹೂಲ್ ಬಗ್ಗೆ ನೀವು ಕಳಿಸಿದ ಲೇಖನದ ಕುರಿತು

ನಮಸ್ಕಾರ,

ಕೆನಡಾದ ಅನಿಶಿನಾಬೆ ಎಂಬ ಮೂಲನಿವಾಸಿ ಸಮುದಾಯದ ಕಲಾವಿದ ಮತ್ತು ಮೇಷ್ಟ್ರು ರಾಬರ್ಟ್ ಹೂಲ್ ಬಗ್ಗೆ ನೀವು ಬರೆದದ್ದನ್ನು ಪೂರ್ತಿ ಓದಿದೆ. ನಮ್ಮ ಓದುಗರಿಗೆ ವಿಷಯ ಹೊಸದು, ಪ್ರಕಟಿಸುವ ಆಸೆ ನನಗೂ ಇದೆ. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ಮೊದಲ ಪುಟವಿಡೀ ಹೊಗಳಿಕೆ. 'ಬಣ್ಣಗಳ ಮಾಂತ್ರಿಕ', 'ಪ್ರಕೃತಿಯ ಕೂಸು' ಅಂತೆಲ್ಲ ಇದೆ. ಅಲ್ಲಿ ಯಾವ ಕಲಾವಿದನ ಹೆಸರು ಹಾಕಿದರೂ ನಡೆಯುತ್ತದೆ, ಅಲ್ವಾ? ಆಮೇಲೆ 1947ರಲ್ಲಿ ಜನನ, ಮ್ಯಾನಿಟೋಬಾದಲ್ಲಿ ಓದು, 2015ರಲ್ಲಿ ಗವರ್ನರ್ ಜನರಲ್ ಪ್ರಶಸ್ತಿ. ಬಯೋಡೇಟಾ ಓದಿದ ಹಾಗಾಯಿತು.

ಓದುತ್ತಾ ನಾನು ಕಾಯುತ್ತಿದ್ದದ್ದು 'ಕನಾಟಾ'ಗೆ. ನೀವು ಕೊಟ್ಟಿದ್ದು ಒಂದು ಸಾಲು: '1992ರಲ್ಲಿ ಕನಾಟಾ ಎಂಬ ಪ್ರಸಿದ್ಧ ಚಿತ್ರ ಬರೆದರು.' ಅಷ್ಟೇನಾ? ಓದುಗರನ್ನು ಆ ಚಿತ್ರದ ಮುಂದೆ ನಿಲ್ಲಿಸಿ. 1759ರಲ್ಲಿ ಫ್ರೆಂಚರ ಎದುರು ನಡೆದ ಕ್ವಿಬೆಕ್ ಕಾಳಗದಲ್ಲಿ ಬ್ರಿಟಿಷ್ ಜನರಲ್ ವುಲ್ಫ್ ಸತ್ತ. ಬೆಂಜಮಿನ್ ವೆಸ್ಟ್ 1770ರಲ್ಲಿ ಆ ಸಾವನ್ನು ದೊಡ್ಡ ಚಿತ್ರವಾಗಿ ಬರೆದ. ಸುತ್ತ ಅಧಿಕಾರಿಗಳು, ಮೇಲೆ ಬಾವುಟ. ಎಡಕ್ಕೆ ನೆಲದ ಮೇಲೆ ಒಬ್ಬ ಮೂಲನಿವಾಸಿ ಯೋಧ, ಗಲ್ಲಕ್ಕೆ ಕೈಕೊಟ್ಟು ಸುಮ್ನೆ ನೋಡುತ್ತಿದ್ದಾನೆ. ಹೂಲ್ ಇದೇ ದೃಶ್ಯವನ್ನು ಏಳು ಮೀಟರಿಗೂ ಜಾಸ್ತಿ ಅಗಲದ ಕ್ಯಾನ್ವಾಸಿನಲ್ಲಿ ಮತ್ತೆ ಬರೆದರು. ವುಲ್ಫ್, ಅಧಿಕಾರಿಗಳು, ಬಾವುಟ ಎಲ್ಲ ಬರೀ ಗೆರೆ. ಬಣ್ಣ ಸಿಕ್ಕಿದ್ದು ಆ ಯೋಧನಿಗೆ ಮಾತ್ರ. ಎರಡು ಪಕ್ಕದಲ್ಲಿ ಒಂದು ನೀಲಿ ಪಟ್ಟಿ, ಒಂದು ಕೆಂಪು ಪಟ್ಟಿ. ಫ್ರೆಂಚರು ಒಂದು ಕಡೆ, ಇಂಗ್ಲಿಷರು ಇನ್ನೊಂದು ಕಡೆ, ನಡುವೆ ಇವನು.

1990ರಲ್ಲಿ ಕ್ವಿಬೆಕ್‌ನ ಓಕಾ ಊರಿನಲ್ಲಾದ ಗಲಾಟೆಯನ್ನೂ ಇಲ್ಲೇ ಹೇಳಿ. ಮೂಲನಿವಾಸಿಗಳಾದ ಮೋಹಾಕ್ ಜನ ತಮ್ಮದೆನ್ನುವ ಜಾಗದಲ್ಲಿ ಗಾಲ್ಫ್ ಮೈದಾನ ದೊಡ್ಡದು ಮಾಡುವ ಜಗಳ ಬೆಳೆದು ಅವರ ಎದುರು ಸೈನ್ಯವೇ ಬಂದು ನಿಂತಿತ್ತು. ಹೂಲ್ 'ಕನಾಟಾ' ಬರೆಯುವಾಗ ಅದಾಗಿ ಇನ್ನೂ ಎರಡೇ ವರ್ಷ ಕಳೆದಿತ್ತು. ಅದಿಲ್ಲದೆ ಈ ಚಿತ್ರದ ಸಿಟ್ಟು ಓದುಗರಿಗೆ ತಟ್ಟುವುದಿಲ್ಲ.

ಒಟ್ಟಾವಾದ ರಾಷ್ಟ್ರೀಯ ಮ್ಯೂಸಿಯಂ ಕೆಲಸವನ್ನು ಅವರು 1980ರಲ್ಲಿ 'ಕಾರಣಾಂತರಗಳಿಂದ' ಬಿಟ್ಟರು ಎಂದಿದ್ದೀರಿ. ಕಾರಣ ಗುಟ್ಟೇನಲ್ಲ. ಮೂಲನಿವಾಸಿಗಳ ಪವಿತ್ರ ವಸ್ತುಗಳನ್ನು ಅಲ್ಲಿ ನಡೆಸಿಕೊಳ್ಳುತ್ತಿದ್ದ ರೀತಿ ಅವರಿಗೆ ಸಹಿಸಲಾಗಲಿಲ್ಲ. ಕೈಯಲ್ಲಿದ್ದ ಕೆಲಸ ಬಿಟ್ಟ ಮನುಷ್ಯನ ಕಾರಣವನ್ನೇ ನುಂಗಿಬಿಟ್ಟರೆ ಹೇಗೆ?

ಇನ್ನು ಮೇಷ್ಟ್ರ ಭಾಗ. ಮೂಲನಿವಾಸಿ ಮಕ್ಕಳಿಗೆಂದು ನಡೆಸುತ್ತಿದ್ದ ಸ್ಯಾಂಡಿ ಬೇ ವಸತಿ ಶಾಲೆಯಲ್ಲಿ ಅವರಿಗೆ ಮನೆಮಾತು ಆಡಲು ಬಿಡಲಿಲ್ಲ. ಇದು ನಿಮ್ಮ ಎರಡನೇ ಪುಟದಲ್ಲಿದೆ. ಅದೇ ಹುಡುಗ ಮುಂದೆ ಟೊರಾಂಟೋದ ಕಲಾ ಕಾಲೇಜಿನಲ್ಲಿ 15 ವರ್ಷ ಮೂಲನಿವಾಸಿ ವಿಷಯಗಳನ್ನು ಪಾಠ ಮಾಡಿದರು. ಇದು ಐದನೇ ಪುಟ. ಅರವತ್ತು ದಾಟಿದ ಮೇಲೆ, 2009ರಲ್ಲಿ, ಆ ಶಾಲೆಯ ನೆನಪುಗಳನ್ನು 24 ಚಿತ್ರಗಳಲ್ಲಿ ಬರೆದರು. ಇದು ಕೊನೆಯ ಪುಟದಲ್ಲಿ, ಪ್ರಶಸ್ತಿಗಳ ಕೆಳಗೆ! ಮೂರನ್ನೂ ಒಂದೇ ಕಡೆ ತನ್ನಿ. ಮಧ್ಯೆ ನಿಮ್ಮ ಅಭಿಪ್ರಾಯ ಬೇಡ.

ಸೋಲಿಗರ ಜೊತೆ ಹೋಲಿಸಿದ ಪ್ಯಾರಾ ತೆಗೆಯಿರಿ. 'ಅಲ್ಲೂ ಹಾಗೆ, ಇಲ್ಲೂ ಹಾಗೆ' ಎನ್ನುವುದರಿಂದ ಇಬ್ಬರ ಬಗ್ಗೆಯೂ ಏನೂ ಗೊತ್ತಾಗುವುದಿಲ್ಲ.

ಒಂಬೈನೂರು ಪದ ಸಾಕು. ಚಿತ್ರಗಳನ್ನು ನೆಟ್‌ನಿಂದ ಇಳಿಸಿ ಕಳಿಸಬೇಡಿ, ಅನುಮತಿಯನ್ನು ನಾವೇ ಕೇಳುತ್ತೇವೆ. ಜೊತೆಗೆ ಕಳಿಸಿದ ಕವಿತೆಗಳನ್ನು ಕವಿತೆ ನೋಡುವವರಿಗೆ ಕೊಟ್ಟಿದ್ದೇನೆ, ಅವರ ಉತ್ತರ ಬೇರೆ ಬರುತ್ತದೆ.